ಹತ್ರದ ಆಸ್ಪತ್ರೆ ಬಿಟ್ಟು ತಮ್ಮ ಕಾರವಾರಕ್ಕೇ ಯಾಕೆ ಹೋಗ್ತಾನೆ?

ಪ್ರಶ್ನೆ: ಡಾಕ್ಟ್ರೇ, ನಾವು ಕುಮಟಾ ಕಡೆಯವರು. ನನ್ನ ತಮ್ಮನಿಗೆ ಎಚ್‌ಐವಿ ಅಂತ ಗೊತ್ತಾಗಿ ಮೂರು ವರ್ಷ ಆಯ್ತು. ಬೋಟಿಗೆ ಹೋಗ್ತಾನೆ, ಮಳೆಗಾಲದಲ್ಲಿ ಬೋಟು ನಿಂತ್ರೆ ಗೋವಾದಲ್ಲಿ ಕೂಲಿ. ಕಾರವಾರದಿಂದ ಮಾತ್ರೆ ತರ್ತಿದ್ದ, ಆರಾಮಾಗೇ ಇದ್ದ. ಈಗ ಎರಡು ತಿಂಗಳಿಂದ ಹೋಗೇ ಇಲ್ಲ, ಮಾತ್ರೆ ಖಾಲಿ. ಹತ್ರದ ಸರ್ಕಾರಿ ಆಸ್ಪತ್ರೆಯಲ್ಲೇ ಕೊಡ್ತಾರಂತೆ, ಅಲ್ಲಿಗೆ ಬರೆಸ್ಕೋ ಅಂದ್ರೆ ಸಿಟ್ಟು ಮಾಡ್ತಾನೆ, ಅಲ್ಲಿ ನಮ್ಮೂರ ಹುಡುಗಿಯೇ ನರ್ಸ್. ಸರ್ಕಾರ ಫುಕ್ಕಟೆ ಕೊಟ್ರೂ, ಮನೆ ಹತ್ರ ತಂದಿಟ್ರೂ ಇವನಿಗೆ ಎಂತ ದಾಡಿ? ಇದ್ರ ಮೇಲೆ ಸಂಶೋಧನೆ ಎಂತಾದ್ರೂ ಆಗಿದ್ಯಾ? ಅವನ ಹೆಂಡ್ತಿಗೆ ಎಲ್ಲಾ ಗೊತ್ತು, ಅವಳ ಟೆಸ್ಟು ನೆಗೆಟಿವ್ ಬಂದಿತ್ತು. ಮಗು ಇನ್ನೂ ಹಾಲು ಕುಡೀತದೆ. ಹೆದರಿಕೆ ಆಗ್ತದೆ.

ಉತ್ತರ: ಅಕ್ಕಾ, ಅರ್ಜೆಂಟ್ ಇರೋದನ್ನ ಮೊದ್ಲು ಹೇಳಿಬಿಡ್ತೇನೆ, ಸಂಶೋಧನೆ ಗಿಂಶೋಧನೆ ಆಮೇಲೆ. ತಮ್ಮನ್ನ ಈ ವಾರದೊಳಗೆ ಕಾರವಾರಕ್ಕೆ ಕಳಿಸಿ. ಹತ್ರದ ಆಸ್ಪತ್ರೆ ವಿಷಯ ಈಗ ಎತ್ತಲೇಬೇಡಿ, ಅವನಿಗೆ ಎಲ್ಲಿ ಹೋಗಿ ರೂಢಿಯೋ ಅಲ್ಲಿಗೇ ಹೋಗ್ಲಿ. ಮಾತ್ರೆ ನಿಲ್ಸಿದ ಮೇಲೆ ವೈರಸ್ ಸುಮ್ನೆ ಮಲಗಿರೋದಿಲ್ಲ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ರಕ್ತದಲ್ಲಿ ಮತ್ತೆ ಏರ್ತದೆ, ಅದೂ ಆಸಾಮಿಗೆ ಗೊತ್ತೇ ಆಗೋದಿಲ್ಲ, ಊಟ ನಿದ್ದೆ ಎಲ್ಲಾ ಸರಿ, ಬಲೆ ಎಳೆಯೋ ತಾಕತ್ತೂ ಹಾಗೇ ಇರ್ತದೆ, ಅದಕ್ಕೇ ‘ನಂಗೆಂತ ಆಗಿದೆ’ ಅಂತ ಇನ್ನೊಂದು ತಿಂಗಳು ತಳ್ಳೋದು.

ಇದನ್ನ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಸ್ಮಾರ್ಟ್ ಅನ್ನೋ ದೊಡ್ಡ ಅಧ್ಯಯನ, ಬೇರೆ ಬೇರೆ ದೇಶದ 5,472 ಜನ ಇದ್ರು. ಅರ್ಧ ಜನಕ್ಕೆ ಔಷಧಿ ಬಿಡದೆ ಕೊಟ್ರು, ಇನ್ನರ್ಧ ಜನಕ್ಕೆ ಸಿಡಿ4, ಅಂದ್ರೆ ರೋಗ ತಡೆಯೋ ರಕ್ತಕಣದ ಲೆಕ್ಕ, ಚೆನ್ನಾಗಿದ್ದಾಗ ನಿಲ್ಸೋದು, ಇಳಿದಾಗ ಮತ್ತೆ ಶುರು ಮಾಡೋದು. ಔಷಧಿಗೆ ರಜೆ ಕೊಟ್ರೆ ಸೈಡ್ ಇಫೆಕ್ಟ್ ಕಮ್ಮಿ ಆಗ್ಬಹುದು ಅಂತ ಲೆಕ್ಕ. 2006ರಲ್ಲಿ ಅದನ್ನ ಅರ್ಧಕ್ಕೇ ನಿಲ್ಲಿಸ್ಬೇಕಾಯ್ತು, ಬಿಟ್ಟು ಬಿಟ್ಟು ತಗೊಂಡವರಲ್ಲಿ ಗಂಭೀರ ಕಾಯಿಲೆ ಅಥವಾ ಸಾವು ಎರಡೂವರೆ ಪಟ್ಟು ಆಗಿತ್ತು, ಅಷ್ಟೇ ಅಲ್ಲ ಹಾರ್ಟು ಕಿಡ್ನಿ ಲಿವರ್ ತೊಂದ್ರೆನೂ ಬಿಟ್ಟವರಲ್ಲೇ ಹೆಚ್ಚು ಕಂಡಿತ್ತು. ಹಾಗಾಗಿ ‘ಮಾತ್ರೆಗೆ ಸ್ವಲ್ಪ ರೆಸ್ಟ್ ಕೊಟ್ರೆ ದೇಹಕ್ಕೆ ಒಳ್ಳೇದು’ ಅಂತ ಬೋಟಿನಲ್ಲಿ ಯಾರಾದ್ರೂ ಹೇಳಿದ್ರೆ ಕಿವಿಗೆ ಹಾಕ್ಕೋಬೇಡಿ ಅನ್ನಿ.

ಅಲ್ಲಿ ಹೋದ್ಮೇಲೆ ಎರಡು ತಿಂಗಳು ತಪ್ಪಿದೆ ಅಂತ ನಿಜ ಹೇಳ್ಬೇಕು. ದಿನಾ ತಗೊಳ್ತಿದ್ದೆ ಅಂತ ಸುಳ್ಳು ಹೇಳಿದ್ರೆ, ವೈರಲ್ ಲೋಡ್, ಅಂದ್ರೆ ರಕ್ತದಲ್ಲಿರೋ ವೈರಸ್ ಲೆಕ್ಕ, ಜಾಸ್ತಿ ಬಂದಾಗ ಡಾಕ್ಟ್ರು ಔಷಧಿಯೇ ಕೆಲಸ ಮಾಡ್ತಿಲ್ಲ ಅಂದ್ಕೊಂಡು ಬೇರೆ ದಾರಿ ಹಿಡೀತಾರೆ, ಸುಮ್ನೆ ಗೊಂದಲ. ಕೆಮ್ಮು, ಜ್ವರ, ತೂಕ ಇಳಿಯೋದು, ರಾತ್ರಿ ಬೆವರು, ಈ ನಾಲ್ಕು ಕೇಳಿಯೇ ಕೇಳ್ತಾರೆ, ಅದು ಟಿಬಿ ಹುಡುಕೋಕೆ. ಟಿಬಿ ಸಿಕ್ಕಿದ್ರೆ ಅದನ್ನೂ ಅಲ್ಲೇ ನೋಡ್ತಾರೆ, ಆದ್ರೆ ಟಿಬಿಯ ರಿಫಾಂಪಿಸಿನ್ ಔಷಧಿ ಜೊತೆ ಎಚ್‌ಐವಿ ಮಾತ್ರೆಯಲ್ಲಿರೋ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗ್ತದೆ, ಅದಕ್ಕೇ ಎರಡೂ ಕಡೆಯವರಿಗೆ ಎರಡೂ ಔಷಧಿ ವಿಷಯ ಗೊತ್ತಿರ್ಬೇಕು. ಈಗಿನ ಟಿಎಲ್‌ಡಿ ಮಾತ್ರೆ, ಅಂದ್ರೆ ಟೆನೊಫೊವಿರ್ ಲ್ಯಾಮಿವುಡಿನ್ ಡೊಲುಟೆಗ್ರಾವಿರ್ ಮೂರೂ ಒಂದರಲ್ಲೇ ಇರೋದು, ಗಟ್ಟಿ ಔಷಧಿ, ವೈರಸ್ ಅದಕ್ಕೆ ಬಗ್ಗದ ಹಾಗೆ ಆಗೋದು ಕಮ್ಮಿ. ಹಾಗಂತ ಅದ್ರ ಮೇಲೆ ಭಾರ ಹಾಕಿ ಕೂರೋದಲ್ಲ.

ಬೈಬೇಡಿ ಅಂತ ಬೇರೆ ಹೇಳ್ಬೇಕು. ನಾನೇ ಬೈದಿದ್ದೇನೆ, ಅದ್ರ ಕತೆ ಹೇಳ್ತೇನೆ. ತುಂಬಾ ವರ್ಷ ಹಿಂದೆ ನಾನು ಕೆಲಸ ಮಾಡ್ತಿದ್ದ ಒಂದು ಸೆಂಟರಿಗೆ ಮೀನು ಮಾರೋ ಹೆಂಗಸೊಬ್ಬಳು ಇಪ್ಪತ್ತು ದಿನ ತಡ ಮಾಡಿ ಬಂದ್ಲು. ಅವತ್ತು ರಶ್ ಜೋರು, ನಂಗೂ ತಲೆ ಬಿಸಿ, ‘ಎಂತಮ್ಮಾ, ಜೀವದ ಮೇಲೆ ಆಸೆ ಇಲ್ವಾ’ ಅಂದೆ. ಅವಳು ಅಳಲಿಲ್ಲ ಎಂತ ಇಲ್ಲ, ‘ಡ್ಯೂ ದಿನವೇ ಬಂದಿದ್ದೆ ಸಾರ್, ಬೆಂಚಿನ ಮೇಲೆ ನಮ್ಮ ಪೇಟೆಯವಳು ಕೂತಿದ್ಲು, ಹಾಗೇ ತಿರುಗಿ ಹೋದೆ’ ಅಂದ್ಲು. ಆ ಪೇಟೆಯವಳು ಬೇರೆ ಯಾವ್ದೋ ಓಪಿಡಿಗೆ ಬಂದವಳು, ಬೆಂಚು ಖಾಲಿ ಇತ್ತು ಅಂತ ಕೂತಿದ್ಲು ಅಷ್ಟೇ. ಅಷ್ಟು ದೂರ ಬಸ್ಸಿನಲ್ಲಿ ಬಂದು, ಒಂದು ದಿನದ ಯಾಪಾರ ಬಿಟ್ಟು, ಕೌಂಟರಿಗೆ ಹತ್ತು ಹೆಜ್ಜೆ ಇರೋವಾಗ ವಾಪಸ್. ನಮ್ಮ ರಿಜಿಸ್ಟರಿನಲ್ಲಿ ಅದು ಬರೀ ‘ಮಿಸ್’.

ನಿಮ್ಮ ಪ್ರಶ್ನೆಗೆ ಉತ್ತರವೂ ಆ ಹತ್ತು ಹೆಜ್ಜೆಯಲ್ಲೇ ಇದೆ. ಆಸ್ಪತ್ರೆ ದೂರ ಅನ್ನೋದನ್ನ ನಾವು ಕಿಲೋಮೀಟರಿನಲ್ಲಿ ಅಳೀತೇವೆ, ನಿಮ್ಮ ತಮ್ಮ ಅಳಿಯೋದು ಅಲ್ಲಿ ತನ್ನ ಮುಖ ಎಷ್ಟು ಜನಕ್ಕೆ ಗೊತ್ತು ಅಂತ. ಕುಮಟಾದಿಂದ ಕಾರವಾರ ಎಪ್ಪತ್ತು ಕಿಲೋಮೀಟರ್ ಹತ್ರ ಆಗ್ತದೆ, ಅವನ ಲೆಕ್ಕದಲ್ಲಿ ಅದೇ ಹತ್ರ, ನಿಮ್ಮ ಮನೆ ಪಕ್ಕದ ಆಸ್ಪತ್ರೆಯೇ ದೂರ. ಇದು ಅವನೊಬ್ಬನ ಹಟ ಅಲ್ಲ. ಹತ್ರದ ಸೆಂಟರ್ ಬಿಟ್ಟು ಬೇಕಂತಲೇ ದೂರ ಹೋಗೋದು ಭಾರತದಲ್ಲೂ ಆಫ್ರಿಕಾದಲ್ಲೂ ಸಂಶೋಧಕರು ಮತ್ತೆ ಮತ್ತೆ ಕಂಡಿದ್ದು.

ಬೆಂಗಳೂರಿನಲ್ಲಿ ಎಚ್‌ಐವಿ ಇದ್ದವರನ್ನ ಮಾತಾಡಿಸಿ ಮಾಡಿದ ಒಂದು ಅಧ್ಯಯನ ಉಂಟು, 2008ರಲ್ಲಿ ಪ್ರಕಟ ಆಗಿದ್ದು, ನಾನು ಹೊಸ ಕೌನ್ಸೆಲರ್‌ಗಳಿಗೆ ಯಾವಾಗ್ಲೂ ಇದನ್ನ ಹೇಳೋದು. ಸ್ವತಃ ಅವಮಾನ ಅನುಭವಿಸಿದವರು ಅದರಲ್ಲಿ ಕಮ್ಮಿ, ಆದ್ರೆ ‘ಅವರಿಗೆ ಹಾಗಾಯ್ತಂತೆ, ಇವರನ್ನ ಮನೆಯಿಂದ ಹೊರಗೆ ಹಾಕಿದ್ರಂತೆ’ ಅನ್ನೋ ಕತೆ ಕೇಳಿದವರು ಜಾಸ್ತಿ. ಆ ಕೇಳಿದ ಕತೆಯೇ ಸಾಕು, ಮನುಷ್ಯ ಬಾಯಿ ಮುಚ್ಕೊಳ್ತಾನೆ, ಯಾರಿಗೂ ಹೇಳೋದಿಲ್ಲ, ಒಳಗೊಳಗೇ ಕುಗ್ತಾನೆ. ಪೇಪರಿನಲ್ಲಿ ಇದಕ್ಕೆ ಸ್ಟಿಗ್ಮಾ ಅಂತಾರೆ, ಇಲಾಖೆ ಪೋಸ್ಟರಿನಲ್ಲಿ ಕಳಂಕ, ನಮ್ಮ ಜನ ಹೇಳೋದು ‘ಮರ್ಯಾದೆ ಹೋಗ್ತದೆ’ ಅಂತ. ಆ ನರ್ಸ್ ಹುಡುಗಿ ಎಂತದೂ ಮಾಡಿಲ್ಲ ಪಾಪ, ಒಳ್ಳೆಯವಳೇ ಇರ್ಬಹುದು. ಆದ್ರೆ ಅವಳ ಅಮ್ಮ ನಿಮ್ಮ ಅಮ್ಮನ ಜೊತೆ ಬಾವಿಕಟ್ಟೆಯಲ್ಲಿ ಮಾತಾಡ್ತಾಳೆ ಅನ್ನೋದು ನಿಮ್ಮ ತಮ್ಮನ ತಲೆಯಲ್ಲಿ ಕೂತಿದೆ.

ಮಾತ್ರೆ ಡಬ್ಬಿಯನ್ನೇ ನೋಡಿ. ಪ್ಲಾಸ್ಟಿಕ್ ಡಬ್ಬಿ, ಮೂವತ್ತು ಮಾತ್ರೆ, ಚೀಲದಲ್ಲಿಟ್ಟು ನಡೆದ್ರೆ ಗಲಗಲ ಸದ್ದು. ಬಸ್ಸಿನಲ್ಲಿ ಪಕ್ಕದವ ‘ಎಂತದು ಅದು’ ಅಂತ ಕೇಳಿಯೇ ಕೇಳ್ತಾನೆ ನಮ್ಮ ಕಡೆ. ಅದಕ್ಕೆ ಜನ ಡಬ್ಬಿ ಒಳಗೆ ಹತ್ತಿ ತುರುಕ್ತಾರೆ, ಲೇಬಲ್ ಕೆರೆದು ತೆಗೀತಾರೆ, ಕೆಲವ್ರು ಎಲ್ಲಾ ಮಾತ್ರೆ ಒಂದು ಪೇಪರ್ ಪೊಟ್ಟಣಕ್ಕೆ ಸುರಿದು ಡಬ್ಬಿನ ಗಟಾರಕ್ಕೆ ಎಸೆದು ಹೋಗ್ತಾರೆ. ಹತ್ತಿ ಹಾಕ್ಲಿ, ಲೇಬಲ್ ಬೇಕಾದ್ರೆ ಕೀಳ್ಲಿ, ಆದ್ರೆ ಮಾತ್ರೆ ಡಬ್ಬಿಯಲ್ಲೇ ಇರ್ಲಿ, ಒಳಗಿರೋ ಚಿಕ್ಕ ಸಿಲಿಕಾ ಪುಡಿ ಚೀಟಿಯೂ ಇರ್ಲಿ, ಮುಚ್ಚಳ ಬಿಗಿ ಇರ್ಲಿ. ನಮ್ಮ ಕರಾವಳಿ ಮಳೆಗಾಲದ ಥಂಡಿಯಲ್ಲಿ ಉಪ್ಪೇ ನೀರಾಗ್ತದೆ, ಪೊಟ್ಟಣದಲ್ಲಿಟ್ಟ ಮಾತ್ರೆ ಎಂತಾಗ್ಬೇಡ.

ಈಗ ‘ಸರ್ಕಾರ ಮನೆ ಹತ್ರ ತಂದಿಟ್ರೂ’ ಅಂದ್ರಲ್ಲ, ಅದಕ್ಕೂ ಒಂದು ಹಿನ್ನೆಲೆ ಉಂಟು. 2004ರ ಏಪ್ರಿಲ್ 1ರಂದು ಕೇಂದ್ರ ಸರ್ಕಾರ ಉಚಿತ ಎಆರ್‌ಟಿ, ಅಂದ್ರೆ ಎಚ್‌ಐವಿ ಮಾತ್ರೆ ಚಿಕಿತ್ಸೆ, ಶುರು ಮಾಡಿದಾಗ ಇಡೀ ದೇಶದಲ್ಲಿ ಎಂಟೇ ಆಸ್ಪತ್ರೆ. ಅದಕ್ಕೂ ಮೂರು ವರ್ಷ ಹಿಂದೆ, 2001ರಲ್ಲಿ, ಸಿಪ್ಲಾದವರು ವರ್ಷಕ್ಕೆ ಸಾವಿರಾರು ಡಾಲರ್ ಬೀಳ್ತಿದ್ದ ಔಷಧಿಯನ್ನ ದಿನಕ್ಕೆ ಒಂದು ಡಾಲರಿಗಿಂತ ಕಮ್ಮಿಗೆ ಕೊಡ್ತೇವೆ ಅಂದ್ರು, ಆಮೇಲೇ ಬಡ ದೇಶಗಳಿಗೆ ಇದು ಕೈಗೆ ಎಟುಕಿದ್ದು. ಬರ್ತಾ ಬರ್ತಾ ಜಿಲ್ಲೆಗಳಲ್ಲಿ ಎಆರ್‌ಟಿ ಸೆಂಟರ್ ಆಯ್ತು, ಅದಕ್ಕೆ ಜೋಡಿಸಿ ಕೆಳಗಿನ ಆಸ್ಪತ್ರೆಗಳಲ್ಲಿ ಲಿಂಕ್ ಎಆರ್‌ಟಿ ಸೆಂಟರ್ ಅಂತ ಮಾಡಿದ್ರು, ಆರೋಗ್ಯ ಸ್ಥಿರ ಇರೋರು ಅಲ್ಲಿಂದ ಮಾತ್ರೆ ತಗೊಳ್ಳೋ ಹಾಗೆ. ಸಿಡಿ4 ಇಳಿಯೋ ತನಕ ಕಾಯೋ ಪದ್ಧತಿ 2017ರಲ್ಲಿ ಹೋಯ್ತು, ಈಗ ಪಾಸಿಟಿವ್ ಅಂದ ಕೂಡ್ಲೇ ಔಷಧಿ. ಇಷ್ಟೆಲ್ಲಾ ಆಗಿದ್ದು ಸಣ್ಣ ಮಾತಲ್ಲ, ದೇಶದಲ್ಲಿ ಎಚ್‌ಐವಿ ಜೊತೆ ಬದುಕ್ತಿರೋರು 25 ಲಕ್ಷದ ಹತ್ರ ಇದ್ದಾರೆ.

ಲಿಂಕ್ ಸೆಂಟರ್ ಒಳ್ಳೇ ಐಡಿಯಾನೇ. ಜೊಯಿಡಾ ಕಾಡೊಳಗಿನ ಕುಣಬಿ ಹಳ್ಳಿಯವರಿಗೆ, ಯಲ್ಲಾಪುರದ ಒಳಗಿನ ಸಿದ್ದಿ ಕೇರಿಯವರಿಗೆ ದಿನಕ್ಕೊಂದೋ ಎರಡೋ ಬಸ್ಸು, ಅವರಿಗೆ ಕಿಲೋಮೀಟರೇ ದೊಡ್ಡ ಗೋಡೆ, ಹತ್ರ ಕೊಟ್ರೇ ನ್ಯಾಯ. ನಿಮ್ಮ ತಮ್ಮನಿಗೆ ಹತ್ರ ಕೊಟ್ರೆ ಅನ್ಯಾಯ. ಅದಕ್ಕೇ ಎಲ್ಲಿ ಬೇಕು ಅಂತ ಆರಿಸ್ಕೊಳ್ಳೋದು ಪೇಷಂಟಿನ ಕೈಯಲ್ಲಿರ್ಬೇಕು, ‘ನಿಮ್ಮ ವಿಳಾಸ ಇಂಥಾ ತಾಲೂಕು, ಇನ್ಮೇಲೆ ಅಲ್ಲಿಗೇ ಹೋಗಿ’ ಅಂತ ಕೌಂಟರಿನಲ್ಲಿ ಯಾರಾದ್ರೂ ಒತ್ತಾಯ ಮಾಡಿದ್ರೆ ‘ನಂಗೆ ಇಲ್ಲೇ ಬೇಕು’ ಅಂತ ಗಟ್ಟಿ ಹೇಳ್ಲಿ. ಟ್ಯೂಡರ್ ಹಾರ್ಟ್ ಅಂತ ವೇಲ್ಸ್ ದೇಶದ ಗಣಿ ಊರಿನ ಡಾಕ್ಟ್ರು, 1971ರಲ್ಲೇ ಬರೆದಿದ್ರು, ಒಳ್ಳೇ ವೈದ್ಯಕೀಯ ಸೇವೆ ಯಾರಿಗೆ ಜಾಸ್ತಿ ಬೇಕೋ ಅವರಿಗೇ ಕಮ್ಮಿ ಸಿಗ್ತದೆ ಅಂತ. ಮಲ್ಟಿ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ವರ್ಷಗಟ್ಟಲೆ ಕೂಗ್ತಾ ಇರೋ ನಮ್ಮ ಜಿಲ್ಲೆಯವರಿಗೆ ಇದನ್ನ ವೇಲ್ಸ್‌ನವರು ಹೇಳ್ಬೇಕಾಗಿಲ್ಲ ಬಿಡಿ.

ಹಾಗಾದ್ರೆ ದೂರವೂ ಇರ್ಬೇಕು, ಪದೇ ಪದೇ ಹೋಗೋದೂ ಬೇಡ, ಇದಕ್ಕೆಂತ ದಾರಿ ಅಂದ್ರೆ, ಒಂದೇ ಸಲ ಜಾಸ್ತಿ ತಿಂಗಳಿಗೆ ಮಾತ್ರೆ ಕೊಡೋದು. 2020ರ ಲಾಕ್‌ಡೌನಿನಲ್ಲಿ ಬಸ್ಸಿಲ್ಲದೆ ಇದು ನಮ್ಮಲ್ಲಿ ಜೋರಾಗಿ ಬಂತು, ಈಗ್ಲೂ ಸ್ಥಿರ ಇರೋರಿಗೆ ಮೂರು ತಿಂಗಳಿಗೆ ಕೊಡೋ ವ್ಯವಸ್ಥೆ ಉಂಟು. ಮಲಾವಿ, ಜಾಂಬಿಯಾ ದೇಶದಲ್ಲಿ ಆರು ತಿಂಗಳಿಗೆ ಒಟ್ಟಿಗೇ ಕೊಟ್ಟು ನೋಡಿದ್ರು, ಮಾಮೂಲಿ ಪದ್ಧತಿಯವರಿಗಿಂತ ಚಿಕಿತ್ಸೆಯಲ್ಲಿ ಉಳಿದವರೇ ಜಾಸ್ತಿ. ನಂಗೆ ತುಂಬಾ ಇಷ್ಟ ಆದದ್ದು ಮೊಜಾಂಬಿಕ್ ದೇಶದ ಟೆಟೆ ಪ್ರಾಂತ್ಯದ್ದು. ಅಲ್ಲಿ 2008ರಿಂದ ಪೇಷಂಟುಗಳೇ ಆರಾರು ಜನರ ಗುಂಪು ಕಟ್ಕೊಂಡ್ರು, ಪ್ರತಿ ತಿಂಗಳು ಒಬ್ಬರು ಆಸ್ಪತ್ರೆಗೆ ಹೋಗಿ ತನ್ನ ಚೆಕಪ್ ಮಾಡಿಸ್ಕೊಂಡು ಉಳಿದ ಐದು ಜನರ ಮಾತ್ರೆಯನ್ನೂ ತರೋದು, ಮುಂದಿನ ತಿಂಗಳು ಇನ್ನೊಬ್ಬರ ಸರದಿ. ಮೊದಲ ವರ್ಷಗಳ ಲೆಕ್ಕ ಹಾಕಿದಾಗ ಶೇಕಡಾ 97ಕ್ಕೂ ಹೆಚ್ಚು ಜನ ಚಿಕಿತ್ಸೆಯಲ್ಲೇ ಇದ್ರು. ನಮ್ಮ ಊರಲ್ಲಿ ರೇಷನ್ ತರೋಕೆ, ಸೊಸೈಟಿ ಕೆಲಸಕ್ಕೆ ಹೀಗೆ ಸರದಿ ಮಾಡ್ತೇವಲ್ಲ, ಅದೇ ಬುದ್ಧಿ. ಆದ್ರೆ ಅದಕ್ಕೆ ಆ ಆರು ಜನರಿಗೆ ಒಬ್ಬರ ವಿಷಯ ಒಬ್ಬರಿಗೆ ಗೊತ್ತಿರ್ಬೇಕು, ಅಲ್ಲೇ ನಮ್ಮ ಗಾಡಿ ನಿಲ್ಲೋದು. ಪಾಸಿಟಿವ್ ಇದ್ದವರೇ ನಡೆಸೋ ನೆಟ್‌ವರ್ಕ್‌ಗಳು ನಮ್ಮ ರಾಜ್ಯದಲ್ಲೂ ಇವೆ, ಅಲ್ಲಿ ಒಂದು ಸಲ ಕೂತು ಮಾತಾಡಿದ ಗಂಡಸರು ಎಷ್ಟೋ ಹಗುರ ಆಗಿ ಬಂದಿದ್ದನ್ನ ನಾನು ನೋಡಿದ್ದೇನೆ.

ಗಂಡಸರು ಅಂದೆ, ಅದನ್ನೂ ಹೇಳ್ಬೇಕು. ಹೆಂಗಸರಿಗೆ ಬಸಿರಲ್ಲಿ ಟೆಸ್ಟ್ ಆಗ್ತದೆ, ಆಶಾ ಮನೆಗೆ ಬರ್ತಾಳೆ, ಹೇಗೋ ಆಸ್ಪತ್ರೆ ಜೊತೆ ಸಂಬಂಧ ಇರ್ತದೆ. 2023ರ ಜೂನಿನಿಂದ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜೂ ಇಲ್ಲ. ಬೋಟಿನ ಗಂಡಸಿಗೆ ಇದ್ಯಾವ್ದೂ ಇಲ್ಲ, ಅವನು ದಡಕ್ಕೆ ಬರೋ ಹೊತ್ತಿಗೆ ಓಪಿಡಿ ಮುಚ್ಚಿರ್ತದೆ, ಒಂದು ದಿನ ಬಿಟ್ರೆ ಪಾಲು ಹೋಯ್ತು, ಬೋಟು ನಡೆಸೋ ತಾಂಡೇಲ ‘ಎಂತಕ್ಕೆ ರಜೆ’ ಅಂತ ಕೇಳ್ತಾನೆ, ತಿಂಗಳಿಗೊಂದು ಸುಳ್ಳು ಎಲ್ಲಿಂದ ತರೋದು. ಗಂಡಸರು ಟೆಸ್ಟಿಗೂ ತಡ, ಚಿಕಿತ್ಸೆಗೂ ತಡ ಅನ್ನೋದು ಜಗತ್ತಿನ ಬಹಳ ಕಡೆಯ ಲೆಕ್ಕ. ಇನ್ನು ಅದೇ ಬೋಟಿನಲ್ಲಿ ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗ್ರಿಗೆ ಭಾಷೆಯೂ ಬರೋದಿಲ್ಲ, ಅವರ ಪಾಡು ಕೇಳೋದೇ ಬೇಡ.

ಆ ನರ್ಸ್ ವಿಷಯದಲ್ಲಿ ಕಾನೂನು ಗಟ್ಟಿಯಾಗೇ ಇದೆ. ಎಚ್‌ಐವಿ ಏಡ್ಸ್ ಕಾಯ್ದೆ 2017ರಲ್ಲಿ ಆಯ್ತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ದೆ ಟೆಸ್ಟ್ ಮಾಡೋ ಹಾಗಿಲ್ಲ, ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳೋ ಹಾಗಿಲ್ಲ, ಚಿಕಿತ್ಸೆ ನಿರಾಕರಿಸೋ ಹಾಗಿಲ್ಲ, ಕೆಲಸ ಕೊಡೋಕೆ ಎಚ್‌ಐವಿ ಟೆಸ್ಟ್ ಕೇಳೋ ಹಾಗಿಲ್ಲ. ಇಪ್ಪತ್ತು ಅಥವಾ ಜಾಸ್ತಿ ಜನ ಇರೋ ಆಸ್ಪತ್ರೆಯಲ್ಲಿ ದೂರು ಕೇಳೋ ಅಧಿಕಾರಿ ಇರ್ಬೇಕು, ಅದ್ರ ಮೇಲೆ ದೂರು ವಿಚಾರಣೆ ಮಾಡೋ ರಾಜ್ಯದ ಓಂಬುಡ್ಸ್‌ಮನ್. ಆದ್ರೆ ಕಾನೂನು ಬಂದ ಮೇಲೂ ಒಂದು ಆಸ್ಪತ್ರೆಯ ವಾರ್ಡಿನಲ್ಲಿ ಮಂಚದ ಕಾಲ ಹತ್ರ ನೇತುಹಾಕಿದ ಕೇಸ್ ಶೀಟ್ ಮೇಲೆ ಕೆಂಪು ಪೆನ್ನಿನಲ್ಲಿ ದಪ್ಪಕ್ಕೆ ಎಚ್‌ಐವಿ ಅಂತ ಬರೆದಿದ್ದನ್ನ ನನ್ನ ಕಣ್ಣಾರೆ ನೋಡಿದ್ದೇನೆ, ಊಟದ ಟ್ರೇ ತರೋ ಹುಡುಗನೂ ಓದೋ ಹಾಗೆ. ‘ನಮ್ಮ ಸ್ಟಾಫಿಗೆ ಸೇಫ್ಟಿ ಬೇಡ್ವಾ’ ಅಂತ ಕೇಳಿದ್ರು. ಸೇಫ್ಟಿಗೆ ಎಲ್ಲಾ ಪೇಷಂಟಿಗೂ ಗ್ಲೌಸ್ ಹಾಕ್ಬೇಕು, ಯಾಕಂದ್ರೆ ಟೆಸ್ಟೇ ಆಗದವರು ಪಕ್ಕದ ಮಂಚದಲ್ಲಿ ಇರ್ತಾರೆ. ಪಾಸಿಟಿವ್ ರಕ್ತದ ಸೂಜಿ ಚುಚ್ಚಿದ್ರೂ ಸೋಂಕು ತಗಲೋದು ಸಾವಿರಕ್ಕೆ ಸುಮಾರು ಮೂರು ಸಲ, ಅದಕ್ಕೂ 72 ಗಂಟೆ ಒಳಗೆ, ಆದಷ್ಟು ಬೇಗ, ಶುರು ಮಾಡಿ 28 ದಿನ ತಗೊಳ್ಳೋ ಔಷಧಿ ಇದೆ. ಹಾಗಾಗಿ ನಿಮ್ಮ ತಮ್ಮನ ಹೆದರಿಕೆ ಪೂರ್ತಿ ಹುಚ್ಚು ಅಂತ ಹೇಳೋಕೆ ನಂಗೆ ಬಾಯಿ ಬರೋದಿಲ್ಲ.

ಈಗ ಅವನ ಹೆಂಡ್ತಿ. ಮಾತ್ರೆ ಸರಿಯಾಗಿ ತಗೊಂಡು ವೈರಲ್ ಲೋಡ್ ಕಾಣದಷ್ಟು ಇಳಿದವರಿಂದ ಸಂಗಾತಿಗೆ ಲೈಂಗಿಕ ಸಂಪರ್ಕದಲ್ಲಿ ಹರಡೋದಿಲ್ಲ, ಇದು ಸಮಾಧಾನದ ಮಾತಲ್ಲ, ಲೆಕ್ಕ ಹಾಕಿ ಹೇಳಿದ್ದು. ಪುಣೆ, ಚೆನ್ನೈ ಜೋಡಿಗಳೂ ಇದ್ದ 1,763 ಜೋಡಿಗಳ ಅಧ್ಯಯನದಲ್ಲಿ ಬೇಗ ಔಷಧಿ ಶುರು ಮಾಡಿದ ಗುಂಪಿನಲ್ಲಿ ಹರಡೋದು ಶೇಕಡಾ 96 ಕಮ್ಮಿ ಅಂತ 2011ರಲ್ಲಿ ಬಂತು. ಆಮೇಲೆ ಯುರೋಪಿನ ಪಾರ್ಟ್‌ನರ್ ಅಧ್ಯಯನ, 888 ಜೋಡಿ, ಕಾಂಡೋಮ್ ಇಲ್ಲದ ಸಂಪರ್ಕ 58,000 ಸಲ ಹತ್ರ, ಸಂಗಾತಿಯಿಂದ ಬಂದ ಸೋಂಕು ಒಂದೂ ಇಲ್ಲ, 2016ರಲ್ಲಿ ಪ್ರಕಟ ಆಯ್ತು. ಆದ್ರೆ ಇದೆಲ್ಲಾ ಮಾತ್ರೆ ಹೊಟ್ಟೆಗೆ ಹೋಗ್ತಾ ಇರೋರ ಲೆಕ್ಕ. ಎರಡು ತಿಂಗಳು ಬಿಟ್ಟ ಮೇಲೆ ಆ ಭರವಸೆ ಸದ್ಯಕ್ಕಿಲ್ಲ, ಹಾಗಾಗಿ ವೈರಲ್ ಲೋಡ್ ಮತ್ತೆ ಇಳಿದಿದೆ ಅಂತ ರಿಪೋರ್ಟ್ ಬರೋ ತನಕ ಕಾಂಡೋಮ್ ಬೇಕೇ ಬೇಕು. ಅವಳು ಈಗೊಮ್ಮೆ ಟೆಸ್ಟ್ ಮಾಡಿಸ್ಲಿ, ಮೂರು ತಿಂಗಳ ಮೇಲೆ ಇನ್ನೊಮ್ಮೆ, ಯಾಕಂದ್ರೆ ಹೊಸದಾಗಿ ತಗಲಿದ್ರೆ ಟೆಸ್ಟಿನಲ್ಲಿ ಕಾಣೋಕೆ ಸಮಯ ಬೇಕು. ಮಗುವಿಗೆ ಹಾಲು ಕೊಡ್ತಿರೋದ್ರಿಂದ ಇದನ್ನ ತಡ ಮಾಡ್ಬೇಡಿ, ಹಾಲುಣಿಸೋ ಹೊತ್ತಲ್ಲಿ ತಾಯಿಗೆ ಹೊಸದಾಗಿ ಸೋಂಕಾದ್ರೆ ಆಗ ವೈರಸ್ ಜೋರಿರ್ತದೆ, ಹಾಲಿನಲ್ಲಿ ಮಗುವಿಗೆ ಹೋಗೋ ಸಂಭವ ಜಾಸ್ತಿ. ಹೆದರಿ ಹಾಲು ಬಿಡಿಸೋಕೆ ಹೋಗ್ಬೇಡಿ, ಅವಳು ನೆಗೆಟಿವ್ ಇರೋ ತನಕ ಮಗುವಿಗೆ ಎಂತದೂ ಇಲ್ಲ. ಅಪ್ಪ ಎತ್ಕೊಂಡ್ರೆ, ಮುದ್ದಾಡಿದ್ರೆ, ಒಂದೇ ಬಟ್ಟಲಲ್ಲಿ ಗಂಜಿ ಉಂಡ್ರೆ ಬರೋದಿಲ್ಲ. ಮನೇಲಿ ಅವನ ತಟ್ಟೆ ಬೇರೆ ಇಟ್ಟಿದ್ರೆ ಇವತ್ತೇ ಒಟ್ಟಿಗೆ ಸೇರ್ಸಿ.

ಕಡೆಗೆ ಗೋವಾ ಮತ್ತು ಬೋಟು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ಬಂದ್, ಅದು ಮೊದ್ಲೇ ಗೊತ್ತಿರೋ ತಾರೀಕು. ಮೇ ಕೊನೇ ವಾರವೇ ಸೆಂಟರಿಗೆ ಹೋಗಿ ಕೌನ್ಸೆಲರಿಗೆ ‘ಗೋವಾಕ್ಕೆ ಹೋಗ್ತೇನೆ, ಎರಡು ತಿಂಗಳು ಬರೋಕಾಗೋದಿಲ್ಲ’ ಅಂತ ಹೇಳಿದ್ರೆ ಜಾಸ್ತಿ ಮಾತ್ರೆ ಕೊಡ್ತಾರೆ. ಹಸಿರು ಪುಸ್ತಕ ಕೊಟ್ಟಿರ್ತಾರಲ್ಲ, ಅದು ಜೊತೆಗಿರ್ಲಿ, ಅಲ್ಲಿ ಖಾಲಿಯಾದ್ರೆ ಗೋವಾದ ಎಆರ್‌ಟಿ ಸೆಂಟರಿನಲ್ಲಿ ತೋರ್ಸಿ ಸದ್ಯಕ್ಕೆ ತಗೋಬಹುದು, ಅಲ್ಲೇ ಉಳಿಯೋದಾದ್ರೆ ಟ್ರಾನ್ಸ್‌ಫರ್ ಮಾಡಿಸ್ಬಹುದು. ಪುಸ್ತಕ ಹಿಡ್ಕೊಂಡು ತಿರುಗೋಕೆ ನಾಚಿಕೆ ಆದ್ರೆ ಪುಟದ ಫೋಟೋ ಮೊಬೈಲಿನಲ್ಲಿ ಲಾಕ್ ಮಾಡಿಟ್ಕೊಳ್ಲಿ. ಮನೇಲಿ ಯಾವಾಗ್ಲೂ ಒಂದು ತಿಂಗಳಿನ ಡಬ್ಬಿ ಮುಟ್ಟದೆ ಇಟ್ಟಿರಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಎಷ್ಟೋ ದಿನ ಬಂದ್ ಆಗಿದ್ದು ನಿಮಗೇ ಗೊತ್ತಲ್ಲ, ಕುಮಟಾ ಕಡೆಯವರಿಗೆ ಕಾರವಾರ ದೂರ ಆಗೋಕೆ ಒಂದು ಮಳೆ ಸಾಕು.

ಸಮುದ್ರದಲ್ಲಿರೋವಾಗ ಒಂದು ದಿನ ಮರೆತ್ರೆ ನೆನಪಾದ ಕೂಡ್ಲೇ ತಗೊಳ್ಲಿ, ಮರುದಿನ ಎರಡೆರಡು ನುಂಗೋದು ಬೇಡ. ಗ್ಯಾಸ್ಟ್ರಿಕ್ಕಿನ ಆಂಟಾಸಿಡ್, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಬೇರೆ ತಗೊಳ್ತಿದ್ರೆ ಡಾಕ್ಟ್ರಿಗೆ ಹೇಳ್ಲಿ, ಅವು ಡೊಲುಟೆಗ್ರಾವಿರ್ ಹೀರದ ಹಾಗೆ ತಡೀತಾವೆ, ಎರಡು ಗಂಟೆ ಮೊದ್ಲೇ ಅಥವಾ ಆರು ಗಂಟೆ ಆದ್ಮೇಲೆ ಎಚ್‌ಐವಿ ಮಾತ್ರೆ ತಗೊಂಡ್ರೆ ತೊಂದ್ರೆ ಇಲ್ಲ. ಕಾರವಾರಕ್ಕೆ ಹೋಗೋ ಮೊದ್ಲು ಫೋನಿನಲ್ಲೇ ಮಾತಾಡ್ಬೇಕು ಅಂದ್ರೆ 1097ಕ್ಕೆ ಮಾಡ್ಲಿ, ದುಡ್ಡಿಲ್ಲ, ಹೆಸರೂ ಹೇಳ್ಬೇಕಾಗಿಲ್ಲ. ನೀವು ಜೊತೆಗೆ ಹೋಗೋದಾದ್ರೆ ಒಳಗೆ ಬರ್ತೇನೆ ಅಂತ ಹಟ ಮಾಡ್ಬೇಡಿ, ಹೊರಗೆ ಚಾ ಕುಡೀತಾ ಕೂತಿರಿ, ಅವನೇ ಕರೆದ್ರೆ ಹೋಗಿ.